ಇಪ್ಪತ್ತೇಳಲ್ಲ, ಇಪ್ಪತ್ನಾಲ್ಕು

ಹತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಮಕ್ಕಳ ಬಾಯಲ್ಲಿ ‘ಕೆಂಪಿಂಕು ಮಿಸ್’ ಎಂದು ಹೆಸರಾಗಿದ್ದ ಟೀಚರು ತಮ್ಮ ನಲವತ್ತಮೂರನೆಯ ವಯಸ್ಸಿನಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಎಸ್ಸಿ. ಮಾಡಲು ವಿಶ್ವವಿದ್ಯಾಲಯಕ್ಕೆ ಬಂದಾಗ, ನೋಂದಣಿಯ ದಿನ ಅವರಿಗೆ ಸಿಕ್ಕ ಸ್ವಾಗತ ಇದು:

“ಪೇರೆಂಟ್ಸ್ ಎಲ್ಲಾ ಹೊರಗಡೆ ಬೆಂಚಲ್ಲಿ ಕೂತ್ಕೊಳಿ. ಒಳಗೆ ಸ್ಟೂಡೆಂಟ್ಸ್ ಮಾತ್ರ.”

ಹೇಳಿದವಳು ವಿಭಾಗದ ಕಚೇರಿಯ ಗುಮಾಸ್ತೆ. ಅವಳು ತಲೆಯನ್ನೂ ಎತ್ತಿರಲಿಲ್ಲ. ಬಾಗಿಲಲ್ಲಿ ಕಂಡ ಚಪ್ಪಲಿ ನೋಡಿಯೇ ವಯಸ್ಸು ಅಂದಾಜು ಮಾಡಿದ್ದಳು.

“ನಾನೇ ಸ್ಟೂಡೆಂಟು,” ಅಂದರು ಟೀಚರು.

ಗುಮಾಸ್ತೆ ಆಗ ತಲೆ ಎತ್ತಿದಳು. ಟೀಚರನ್ನು ಒಮ್ಮೆ, ಎದುರಿಗಿದ್ದ ಪಟ್ಟಿಯನ್ನು ಒಮ್ಮೆ, ಮತ್ತೆ ಟೀಚರನ್ನು ಒಮ್ಮೆ ನೋಡಿ, “ಒಳ್ಳೇದಾಯ್ತು ಬಿಡಿ. ಈ ಮಕ್ಕಳಿಗೆ ಸಾಲಲ್ಲಿ ನಿಲ್ಲೋದು ಹೇಗೆ ಅಂತ ನೀವಾದ್ರೂ ಸ್ವಲ್ಪ ಹೇಳ್ಕೊಡಿ,” ಎಂದು ಒಂದು ಫಾರ್ಮು ಕೊಟ್ಟಳು.

ಹೌದು, ಫಾರ್ಮು. ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಕೋರ್ಸುಗಳ ನೋಂದಣಿ ನಡೆಯುತ್ತಿದ್ದುದು ಕಾಗದದ ಮೇಲೆ. ನೋಂದಣಿಗೆಂದೇ ಒಂದು ಪ್ರೋಗ್ರಾಂ ಇತ್ತು. ವಿಭಾಗದ ಪ್ರೊಫೆಸರುಗಳೇ ಸೇರಿ ಬರೆದದ್ದು. ಅದು ಕೆಟ್ಟು ಕೂತು ಮೂರು ವರ್ಷವಾಗಿತ್ತು. ಇಷ್ಟು ಜನ ಪಂಡಿತರಿರುವ ಕಡೆ ಹೊರಗಿನವರನ್ನು ಕರೆಸಿ ರಿಪೇರಿ ಮಾಡಿಸಿದರೆ ಮಾನ ಉಳಿದೀತೆ? ಅದಕ್ಕೇ ಹಾಗೇ ಬಿಟ್ಟಿದ್ದರು. ಗುಮಾಸ್ತೆಯ ಮೇಜಿನ ಮೇಲಿದ್ದ ಕಂಪ್ಯೂಟರಿಗೆ ಹೂವಿನ ಚಿತ್ತಾರದ ಬಟ್ಟೆ ಹೊದೆಸಿತ್ತು, ಅದರ ಮೇಲೆ ಅವಳ ಊಟದ ಡಬ್ಬಿ ಕೂತಿತ್ತು.

“ನಾಲ್ಕು ಗಂಟೆಗೆ ಕಿಟಕಿ ಮುಚ್ತೀನಿ. ಅಷ್ಟರಲ್ಲಿ ಮೂರನೇ ಮಹಡೀಲಿ ಅಡ್ವೈಸರ್ ಹತ್ರ ಸೈನ್ ಹಾಕಿಸ್ಕೊಂಡು ಬನ್ನಿ. ನಿಮ್ಮ ಆನ್ಸರ್ ಪೇಪರ್ ಪಿನ್ ಮಾಡಿದೀನಿ, ಅದನ್ನ ನೋಡಿ ಅವರು ಯಾವ ಕೋರ್ಸ್ ಅಂತ ಹೇಳ್ತಾರೆ,” ಅಂದಳು ಗುಮಾಸ್ತೆ.

ಆಗ ಗಂಟೆ ಎರಡು. ಟೀಚರಿಗೆ ಅವಸರವಿರಲಿಲ್ಲ, ಭಯವೂ ಇರಲಿಲ್ಲ. ಸೋಮವಾರ ಹೊಸಬರಿಗೆಲ್ಲ ಒಂದು ಅರ್ಹತಾ ಪರೀಕ್ಷೆ ನಡೆದಿತ್ತು. ಐವತ್ತಕ್ಕೆ ಇಪ್ಪತ್ತೈದು ಬಂದವರು ಮೊದಲ ಸೆಮಿಸ್ಟರಿನಲ್ಲೇ ಅಲ್ಗಾರಿದಮ್ಸ್ ತೆಗೆದುಕೊಳ್ಳಬಹುದು. ಬರದವರು ಡಿಗ್ರಿಯ ಮೊದಲ ವರ್ಷದ ಮಕ್ಕಳ ಜೊತೆ ಕೂತು ‘ಮೂಲಪಾಠ’ ಎಂಬ ಕೋರ್ಸು ಮಾಡಬೇಕು. ಅಲ್ಗಾರಿದಮ್ಸ್ ವರ್ಷಕ್ಕೆ ಒಮ್ಮೆ ಮಾತ್ರ ನಡೆಯುವ ಪಾಠ, ಅದಾಗದೆ ಮುಂದಿನ ಯಾವ ಪಾಠಕ್ಕೂ ಸೇರಿಸಿಕೊಳ್ಳುವುದಿಲ್ಲ. ಅಂದರೆ ಇಪ್ಪತ್ತೈದು ಬರದವರಿಗೆ ಒಂದು ವರ್ಷ ಕೈಬಿಟ್ಟ ಹಾಗೆ. ನೋಟೀಸ್ ಬೋರ್ಡಿನಲ್ಲಿ ಟೀಚರ ನಂಬರಿನ ಮುಂದೆ ಇಪ್ಪತ್ತೇಳು ಎಂದಿತ್ತು. ಅದನ್ನು ನೋಡಿದ ದಿನ ಅವರು ಮನೆಗೆ ಹೋಗುವ ದಾರಿಯುದ್ದಕ್ಕೂ ಒಬ್ಬರೇ ನಗುತ್ತಾ ಹೋಗಿದ್ದರು.

ಆ ನಗುವಿಗೆ ಕಾರಣವಿತ್ತು. ಶಾಲೆ ಅವರಿಗೆ ಕೊಟ್ಟಿದ್ದು ಎರಡು ವರ್ಷದ ರಜೆ. ಮೂರನೆಯ ವರ್ಷ ಬೇಕೆಂದರೆ ಕೊಡುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ‘ಅರ್ಹತಾ ಪರೀಕ್ಷೆಯಲ್ಲಿ ಅನುತ್ತೀರ್ಣಳಾದ ಕಾರಣ’ ಎಂದು ಕೈಯಾರೆ ಬರೆದು ಅರ್ಜಿ ಕೊಡಬೇಕು. ಬದಲಿ ಪಾಠದ ವ್ಯವಸ್ಥೆಗಾಗಿ ಆ ಅರ್ಜಿಯನ್ನು ಸ್ಟಾಫ್ ರೂಮಿನ ಗೋಡೆಗೆ ಅಂಟಿಸುತ್ತಾರೆ. ಆ ಗೋಡೆಯ ಎದುರಿಗೇ ಭೌತಶಾಸ್ತ್ರದ ಮೇಷ್ಟ್ರ ಕುರ್ಚಿ. ಟೀಚರನ್ನು ಬೀಳ್ಕೊಡುವ ದಿನ ಈ ಮಹಾನುಭಾವರು ಎಲ್ಲರೆದುರು, “ಹೋಗಿ ಬನ್ನಿ ಮೇಡಂ, ಇನ್ನೆರಡು ವಾರದಲ್ಲಿ ಸಿಗೋಣ,” ಅಂದಿದ್ದರು. ಟೀಚರು ಆ ಮಾತನ್ನು ಇನ್ನೂ ಮರೆತಿರಲಿಲ್ಲ.

ಮೂರನೇ ಮಹಡಿಯ ಓಣಿಯಲ್ಲಿ ಹನ್ನೆರಡು ಹದಿಮೂರು ಜನ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಅಡ್ವೈಸರ್ ಕೋಣೆಯ ಬಾಗಿಲು ಮುಚ್ಚಿತ್ತು. ಟೀಚರು ಎಲ್ಲಿ ಕೂರುವುದೆಂದು ತಿಳಿಯದೆ, ಹೆಡ್‌ಫೋನು ಹಾಕಿಕೊಂಡು ಮುಖ ಊದಿಸಿಕೊಂಡಿದ್ದ ಒಬ್ಬ ಹುಡುಗಿಯ ಪಕ್ಕ ಸೆರಗು ಸರಿಮಾಡಿಕೊಂಡು ಕೂತರು. ಮಂಡಿ ಎರಡೂ ಒಟ್ಟಿಗೆ ಲಟಕ್ಕೆಂದವು.

“ನಿಮ್ಗೆ ಎಷ್ಟು ಬಂತು ಆಂಟಿ?” ಕೇಳಿದಳು ಹುಡುಗಿ, ಹೆಡ್‌ಫೋನಿನ ಒಂದು ಕಿವಿ ಸರಿಸಿ.

“ಇಪ್ಪತ್ತೇಳು. ನಿಂಗೆ?”

“ಇಪ್ಪತ್ಮೂರು. ಎರಡು ಮಾರ್ಕ್ಸಿಗೆ ಹೋಯ್ತು. ಏಳನೇದಕ್ಕೆ ಸೊನ್ನೆ ಹಾಕಿದಾರೆ. ಪುಟ ತುಂಬ ಬರ್ದಿದೀನಿ, ಒಂದು ಮಾರ್ಕೂ ಇಲ್ಲ.”

“ಉತ್ತರ ತಪ್ಪಿತ್ತಾ?”

“ಉತ್ತರ ತಪ್ಪು, ಆದ್ರೆ ಸ್ಟೆಪ್ಸ್ ಎಲ್ಲ ಸರಿ.”

ಉತ್ತರ ತಪ್ಪಾದರೆ ಸೊನ್ನೆಯೇ ಸರಿ ಎಂಬ ಮಾತು ಟೀಚರ ನಾಲಿಗೆಯ ತುದಿಗೆ ಬಂತು. ಹುಡುಗಿಯ ಕಣ್ಣು ಕೆಂಪಗಿದ್ದುದನ್ನು ನೋಡಿ ನುಂಗಿಕೊಂಡರು. ಹಾಗೆ ನುಂಗಿಕೊಂಡಿದ್ದೇ ದೊಡ್ಡ ಔದಾರ್ಯವೆಂದು ಒಳಗೊಳಗೇ ತಮ್ಮ ಬೆನ್ನು ತಾವೇ ತಟ್ಟಿಕೊಂಡರು.

ಸುಮ್ಮನೆ ಕೂರುವುದು ಅವರಿಂದ ಆಗದ ಕೆಲಸ. ಕೈಯಲ್ಲಿ ಉತ್ತರಪತ್ರಿಕೆ ಬೇರೆ ಇತ್ತು. ಬ್ಯಾಗಿನಿಂದ ಕೆಂಪು ಪೆನ್ನು ತಾನಾಗಿಯೇ ಹೊರಗೆ ಬಂತು. ಯಾರದ್ದೇ ಪತ್ರಿಕೆ ಇರಲಿ, ಕೈಗೆ ಸಿಕ್ಕರೆ ಅಂಕಗಳನ್ನು ಮತ್ತೊಮ್ಮೆ ಕೂಡಿಸದೆ ಬಿಡುವವರಲ್ಲ ಅವರು. ತಮ್ಮದೇ ಆದರೂ ಅಷ್ಟೇ. ಮೇಲಿನಿಂದ ಕೆಳಕ್ಕೆ ಕೂಡಿದರು: ನಾಲ್ಕು, ಮೂರು, ಎರಡು, ಎರಡು, ಮೂರು, ನಾಲ್ಕು, ಸೊನ್ನೆ, ಮೂರು, ಒಂದು, ಎರಡು. ಇಪ್ಪತ್ನಾಲ್ಕು. ಎಲ್ಲೋ ತಪ್ಪಿದೆ ಎಂದು ಕೆಳಗಿನಿಂದ ಮೇಲಕ್ಕೆ ಕೂಡಿದರು. ಇಪ್ಪತ್ನಾಲ್ಕು. ಕೂಡಿದವನು ಎಂಟನೇ ಪ್ರಶ್ನೆಯ ಮೂರನ್ನು ಎರಡು ಸಲ ಹಿಡಿದಿದ್ದ.

ಟೀಚರು ಸುತ್ತಮುತ್ತ ನೋಡಿದರು, ಕದ್ದ ಮಾಲು ಕೈಯಲ್ಲಿರುವವರ ಹಾಗೆ. ನಂತರ ಮಗಳಿಗೆ ಫೋನು ಮಾಡಿದರು. ಮಗಳಿಗೆ ಹದಿನೇಳು ವರ್ಷ, ಅಮ್ಮನ ಕ್ಲಾಸಿನಲ್ಲೇ ಮೂರು ವರ್ಷ ಕೂತು ಬಂದವಳು.

“ಮಾರ್ಕ್ಸ್ ತಪ್ಪು ಕೂಡಿದಾರೆ ಕಣೇ. ಮೂರು ಜಾಸ್ತಿ ಬಂದಿದೆ. ನಿಜವಾಗಿ ನಾನು ಫೇಲು.”

“ಅಮ್ಮ, ನನ್ನ ಮಾತು ಕೇಳು. ಬಾಯಿ ಬಿಡ್ಬೇಡ. ಸೈನ್ ಹಾಕಿಸ್ಕೋ, ಬಾ.”

“ಅದು ಹೇಗಾಗತ್ತೆ?”

“ಹೀಗೇ. ಬಾಯಿ ಮುಚ್ಕೊಂಡ್ರೆ ಆಗತ್ತೆ. ಎಲ್ರೂ ಹಾಗೇ ಪಾಸಾಗೋದು.”

“ನೀನು ಹಾಗೆ ಪಾಸಾಗಿದೀಯಾ?”

“ಫೋನ್ ಇಡ್ತೀನಮ್ಮ, ಕ್ಲಾಸಿದೆ,” ಅಂದಳು ಮಗಳು.

ಬಾಯಿ ಮುಚ್ಚಿಕೊಂಡಿರುವುದೆಂದು ಟೀಚರು ಗಟ್ಟಿ ಮನಸ್ಸು ಮಾಡಿದರು. ಕೂಡುವುದು ತಮ್ಮ ಕೆಲಸವಲ್ಲ. ಕೂಡಿದವನ ಹೊಣೆ ಅದು. ಒಂದು ವರ್ಷ ಉಳಿಯುತ್ತದೆ, ಭೌತಶಾಸ್ತ್ರದ ಮೇಷ್ಟ್ರ ಬಾಯಿಗೆ ಬೀಗ ಬೀಳುತ್ತದೆ. ಫಾರ್ಮಿನಲ್ಲಿ ಅಲ್ಗಾರಿದಮ್ಸ್ ಎಂದು ಬರೆದು, ಪತ್ರಿಕೆಯನ್ನು ಅದರ ಹಿಂದಕ್ಕೆ ಮಡಿಚಿಟ್ಟು ಸೆರಗಿನಿಂದ ಹಣೆ ಒರೆಸಿಕೊಂಡರು.

ಪಾಸಾದವರನ್ನು ಮೊದಲು ಕರೆಯುತ್ತಿದ್ದರು, ಹಾಗಾಗಿ ಟೀಚರ ಸರದಿ ಬೇಗ ಬಂತು. ಒಳಗೆ ಹೋದರು.

ಕೋಣೆ ಚಿಕ್ಕದು. ಗೋಡೆಯ ತುಂಬ ಬಿಳಿ ಬೋರ್ಡು, ಮೇಜಿನ ಮೇಲೆ ಎರಡು ಕಂಪ್ಯೂಟರು, ಅವುಗಳ ನಡುವೆ ಅರ್ಧ ಕುಡಿದ ಟೀ. ಮೂವತ್ತೆರಡರ ಆಸುಪಾಸಿನ ಅಡ್ವೈಸರ್ ಕುರ್ಚಿಯಲ್ಲಿ ಒರಗಿ, ಕಾಲ ಮೇಲೆ ಕಾಲು ಹಾಕಿ ಏನೋ ಓದುತ್ತಿದ್ದ. ತಲೆ ಎತ್ತಿ ಟೀಚರನ್ನು ನೋಡಿದವನೇ ದಡಕ್ಕನೆ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಉರುಳಿತು. ಟೀ ಲೋಟವನ್ನು ಯಾಕೋ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಇದೆಲ್ಲದರ ಮೇಲೆ, ಬಾಯಿ ಅಗಲ ತೆರೆದು ಒಂದು ದೊಡ್ಡ ಆಕಳಿಕೆ ಆಕಳಿಸಿದ.

ಬಾಗಿಲ ಮೇಲಿದ್ದ ಹೆಸರು ಓದಿದಾಗ ಟೀಚರಿಗೆ ಏನೂ ಹೊಳೆದಿರಲಿಲ್ಲ. ಸಾವಿರಾರು ಹಾಜರಿ ಕೂಗಿದವರಿಗೆ ಎಲ್ಲ ಹೆಸರೂ ಒಂದೇ. ಆದರೆ ಆ ಆಕಳಿಕೆ ನೋಡಿದ ಕೂಡಲೇ ಗೊತ್ತಾಯಿತು.

“ಆಕಳಿಕೆ,” ಅಂದರು. ಒಂಬತ್ತನೇ ಕ್ಲಾಸಿನಲ್ಲಿ ಅವನಿಗೆ ಆ ಹೆಸರಿಟ್ಟವರು ಅವರೇ.

“ಹೌದು ಮಿಸ್. ನಮಸ್ತೆ ಮಿಸ್. ಸಾರಿ ಮಿಸ್, ಬೇಜಾರಿಗಲ್ಲ. ಹೆದರಿಕೆ ಆದ್ರೆ ನಂಗೆ ಆಕಳಿಕೆ ಬರತ್ತೆ.”

“ಆವಾಗ್ಲೂ ಹೆದರಿಕೆಗೇನಾ?”

“ಆವಾಗ್ಲೂ ಅದೇ ಮಿಸ್.”

ಪಾಠದ ಮೇಲೆ ಅಸಡ್ಡೆ ಎಂದು ತಾವು ಇವನನ್ನು ವರ್ಷವಿಡೀ ಬಾಗಿಲ ಹೊರಗೆ ನಿಲ್ಲಿಸಿದ್ದು ಟೀಚರಿಗೆ ನೆನಪಾಯಿತು. “ಕೂತ್ಕೊಳಿ ಸರ್,” ಅಂದರು. ‘ಸರ್’ ಎಂಬುದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ನಿಂತು ಹೊರಬಂತು.

“ಅಯ್ಯೋ, ನೀವು ನಿಂತಿರ್ಬೇಕಾದ್ರೆ ನಾನು ಹೇಗೆ ಕೂರ್ಲಿ ಮಿಸ್? ನೀವು ಕೂತ್ಕೊಳಿ.”

“ನಾನು ಸ್ಟೂಡೆಂಟು. ಅಡ್ವೈಸರ್ ನಿಂತಿರೋವಾಗ ಸ್ಟೂಡೆಂಟ್ ಕೂರ್ತಾರಾ?”

ಇಬ್ಬರೂ ನಿಂತೇ ಇದ್ದರು. ಉರುಳಿದ ಕುರ್ಚಿಯನ್ನು ಎತ್ತುವ ಧೈರ್ಯ ಯಾರೂ ಮಾಡಲಿಲ್ಲ. ಎತ್ತಿದರೆ ಅದರಲ್ಲಿ ಯಾರಾದರೂ ಕೂರಲೇಬೇಕಾಗುತ್ತಿತ್ತು.

“ಫಾರ್ಮ್ ಕೊಡಿ ಮಿಸ್,” ಅಂದ ಆಕಳಿಕೆ. ಕೊಟ್ಟರು. ಅವನು ಪತ್ರಿಕೆಯ ಕಡೆ ತಿರುಗಿಯೂ ನೋಡದೆ, ಲೋಟ ಕೆಳಗಿಟ್ಟು ಪೆನ್ನಿನ ಮುಚ್ಚಳ ತೆಗೆದ. “ಅಲ್ಗಾರಿದಮ್ಸ್ ತಾನೇ? ನೀವು ಬರ್ತೀರಿ ಅಂದ್ರೆ ನಮ್ಗೇ ಹೆಮ್ಮೆ ಮಿಸ್. ಎಲ್ಲಿ ಸೈನ್ ಮಾಡ್ಲಿ?”

ಪೆನ್ನಿನ ಮೊನೆ ಕಾಗದಕ್ಕೆ ತಾಗಿತು. ಬಾಯಿ ಮುಚ್ಚಿಕೊಂಡಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಟೀಚರು ಹಲ್ಲು ಕಚ್ಚಿಕೊಂಡರು, ಕಿಟಕಿಯ ಆಚೆ ನೋಡಿದರು, ಮಗಳನ್ನು ನೆನೆದರು. ಆದರೆ ಹತ್ತೊಂಬತ್ತು ವರ್ಷದ ಚಾಳಿ ಯಾರ ಮಾತನ್ನು ಕೇಳುತ್ತದೆ? ತಪ್ಪಾಗಿ ಕೂಡಿದ ಮೊತ್ತವೊಂದು ಮೂರಡಿ ದೂರದಲ್ಲಿ ಸಹಿಯಾಗಲು ಹೊರಟಿರುವುದನ್ನು ಅವರ ಜೀವ ಸಹಿಸಲಿಲ್ಲ.

“ಒಂದ್ನಿಮಿಷ. ಮೊದಲು ಇದನ್ನ ಕೂಡು.”

“ಮಿಸ್?”

“ಗಟ್ಟಿಯಾಗಿ ಕೂಡು. ನಂಗೆ ಕೇಳೋ ಹಾಗೆ.”

ಪ್ರೋಗ್ರಾಂ ಬರೆಯುವ ಬಗ್ಗೆ ಎರಡು ಪುಸ್ತಕ ಬರೆದಿದ್ದ, ಡಾಕ್ಟರ್ ಎಂದು ಬಾಗಿಲ ಮೇಲೆ ಹಾಕಿಸಿಕೊಂಡಿದ್ದ ಆ ಮನುಷ್ಯ ಉತ್ತರಪತ್ರಿಕೆ ಎತ್ತಿಕೊಂಡು, ಬೆರಳಿಟ್ಟು, “ನಾಲ್ಕು… ಏಳು… ಒಂಬತ್ತು…” ಎಂದು ಕೂಡತೊಡಗಿದ. ಹದಿನೆಂಟರ ಹತ್ತಿರ ಒಮ್ಮೆ ಆಕಳಿಸಿದ. ಕೊನೆಗೆ, “ಇಪ್ಪತ್ನಾಲ್ಕು ಮಿಸ್,” ಅಂದ, ಮುಖ ಹುಳ್ಳಗೆ ಮಾಡಿಕೊಂಡು.

“ನೀನೇ ತಾನೇ ಇದನ್ನ ತಿದ್ದಿದ್ದು?”

“ಹೌದು ಮಿಸ್. ಎಲ್ಲರಿಗಿಂತ ಚಿಕ್ಕೋನು ಅಂತ ನನ್ನ ತಲೆಗೇ ಕಟ್ಟಿದ್ರು.”

“ಕೂಡೋಕೆ ಬರಲ್ವಾ ಇನ್ನೂ?”

“ಅದಕ್ಕೇ ಕಂಪ್ಯೂಟರ್ ಸೈನ್ಸ್ ತಗೊಂಡಿದ್ದು ಮಿಸ್.”

ಟೀಚರು ಅವನನ್ನು ಚೆನ್ನಾಗಿ ಎರಡು ಬೈದರು. ಬೈದು ಮುಗಿದ ಮೇಲೆ, ತಾವು ಈಗ ಮಾಡಿದ್ದೇನು ಎಂಬುದು ತಲೆಗೆ ಹತ್ತಿತು. ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿಹಾಕಿಕೊಂಡಿದ್ದರು. ಮುಂದಿದ್ದುದು ಮೂಲಪಾಠ, ಹದಿನೆಂಟು ವರ್ಷದ ಮಕ್ಕಳು, ಸ್ಟಾಫ್ ರೂಮಿನ ಗೋಡೆ. ಅವರಿಗೆ ಅಳು ಬಂತು. ತಡೆದುಕೊಂಡರು.

ಆಕಳಿಕೆಯ ಪಾಡು ಇನ್ನೂ ಕಷ್ಟದ್ದು. ಪತ್ರಿಕೆಯನ್ನು ಹಿಂದೆ ಮುಂದೆ ತಿರುವಿದ. “ಒಂದೇ ಒಂದು ಮಾರ್ಕ್ ಮಿಸ್. ಎಲ್ಲಾದ್ರೂ ಸಿಗತ್ತೆ. ಏಳನೇದು ನೋಡಿ, ಉಳಿದವೆಲ್ಲ ಒಂದೊಂದು ಮಾರ್ಕ್ಸಿನ ಚೂರುಗಳು, ಅದೊಂದೇ ಐದು ಮಾರ್ಕ್ಸಿನ ಇಡೀ ಪ್ರಶ್ನೆ. ಸ್ಟೆಪ್ಸಿಗೆ ಅಂತ ಮಾರ್ಕ್ಸ್ ಕೊಡೋಕೆ ನಮ್ಮಲ್ಲಿ ರೂಲ್ ಇದೆ.”

“ರೂಲ್ ಇದ್ರೆ ಮತ್ತೆ ಯಾಕೆ ಯಾರಿಗೂ ಕೊಟ್ಟಿಲ್ಲ? ಆಚೆ ಒಂದು ಹುಡುಗಿ ಪುಟ ತುಂಬ ಬರ್ದು ಸೊನ್ನೆ ತಗೊಂಡು ಕೂತಿದೆ.”

ಆಕಳಿಕೆ ಅವರನ್ನು ವಿಚಿತ್ರವಾಗಿ ನೋಡಿದ. “ನೀವು ಕೊಡ್ತಿರ್ಲಿಲ್ವಲ್ಲ ಮಿಸ್. ಸೇತುವೆ ಬಿದ್ದ ಮೇಲೆ ಕಂಬ ಚೆನ್ನಾಗಿತ್ತು ಅಂತ ಯಾರೂ ಮಾರ್ಕ್ಸ್ ಕೊಡಲ್ಲ ಅಂತಿದ್ರಲ್ಲ. ನಾನು ಯಾವ ಪೇಪರ್ ತಿದ್ದೋಕೆ ಕೂತ್ರೂ ನೀವು ಹಿಂದೆ ನಿಂತ ಹಾಗಾಗತ್ತೆ. ಕೈ ಬರಲ್ಲ.”

“ನಿಂಗೂ ಹಾಗೆ ಸೊನ್ನೆ ಹಾಕಿದ್ನಾ?”

“ಹಾಕಿದ್ರಿ. ನೀರಿನ ತೊಟ್ಟಿ ಲೆಕ್ಕ, ಆರು ಮಾರ್ಕ್ಸಿಂದು. ಎಲ್ಲ ಸರಿ ಮಾಡಿ ಕೊನೇ ಸಾಲಲ್ಲಿ ಏಳೆಂಟ್ಲಿ ಐವತ್ನಾಲ್ಕು ಅಂತ ಬರ್ದಿದ್ದೆ. ಮೂವತ್ಮೂರು ಬಂತು. ಪಾಸಿಗೆ ಮೂವತ್ತೈದು.”

“ಆಮೇಲೆ?”

“ಆಮೇಲೇನು ಮಿಸ್. ಇನ್ನೊಂದು ವರ್ಷ ಒಂಬತ್ತನೇ ಕ್ಲಾಸು.”

ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಟೀಚರು ಎಷ್ಟು ನೆನಪು ಮಾಡಿಕೊಂಡರೂ ಆ ತೊಟ್ಟಿಯ ಲೆಕ್ಕ ನೆನಪಿಗೆ ಬರಲಿಲ್ಲ. ಒಬ್ಬ ಹುಡುಗನ ಒಂದು ವರ್ಷವನ್ನು ಕಿತ್ತುಕೊಂಡು, ಆ ಸಂಜೆಯೇ ಮರೆತು ಮನೆಗೆ ಹೋಗಿ ಅಡುಗೆ ಮಾಡಿರಬೇಕು ತಾವು. ಅದನ್ನು ನೆನೆದು ಅವರಿಗೆ ನಾಚಿಕೆಯಾಯಿತು, ಕಿವಿ ಬಿಸಿಯಾಗುವಷ್ಟು.

“ಎಷ್ಟು ಜನ ಫೇಲಾಗಿರೋದು?” ಕೇಳಿದರು.

“ಹತ್ತು ಜನ. ನಿಮ್ಮನ್ನ ಸೇರಿಸಿ ಹನ್ನೊಂದು.”

“ಹನ್ನೊಂದೂ ಪೇಪರ್ ತಗೊಂಡು ಏಳನೇ ಪ್ರಶ್ನೆ ಮತ್ತೆ ತಿದ್ದು. ನಿಮ್ಮ ರೂಲ್ ಪ್ರಕಾರ. ನಾನು ಹಿಂದೆ ನಿಂತಿಲ್ಲ, ಆಚೆ ಕೂತಿರ್ತೀನಿ. ಕೂಡಿದ ಮೇಲೆ ಇನ್ನೊಂದ್ಸಲ ಕೂಡು.”

ಟೀಚರು ಓಣಿಗೆ ಬಂದು ವಿಷಯ ತಿಳಿಸಿದರು. ಫೇಲಾದವರು ತಮ್ಮ ಪತ್ರಿಕೆಗಳನ್ನು ಕೊಟ್ಟರು, ಪಾಸಾದವರು ತಮ್ಮ ಪತ್ರಿಕೆಯನ್ನು ಯಾರೂ ಮತ್ತೆ ಕೂಡಬಾರದೆಂದು ಎದೆಗೆ ಒತ್ತಿಹಿಡಿದುಕೊಂಡರು. ಟೀಚರು ತಮ್ಮನ್ನು ಯಾರೂ ಕೇಳದಿದ್ದರೂ ಎಲ್ಲರನ್ನೂ ನಂಬರಿನ ಪ್ರಕಾರ ಸಾಲಾಗಿ ನಿಲ್ಲಿಸಿದರು. ಕೆಳಗಿನಿಂದ ಫೈಲು ಕೊಡಲು ಬಂದ ಗುಮಾಸ್ತೆ ಆ ಸಾಲು ನೋಡಿ, ಫೈಲು ಕೊಡುವುದನ್ನೂ ಮರೆತು, ಹಾಗೇ ವಾಪಸು ಹೋದಳು.

ಕಾಯುತ್ತಿರುವಾಗ ಹೆಡ್‌ಫೋನಿನ ಹುಡುಗಿ ಕೇಳಿದಳು, “ಆಂಟಿ, ನಿಮ್ಗೆ ಬಂದಿದ್ದನ್ನ ಯಾಕೆ ಹೋಗಿ ಹೇಳಿದ್ರಿ?”

“ಬುದ್ಧಿ ಇಲ್ಲ, ಅದಕ್ಕೆ,” ಅಂದರು ಟೀಚರು. ಆ ಹೊತ್ತಿಗೆ ಅವರು ಅದನ್ನು ನಿಜವಾಗಿಯೂ ನಂಬಿದ್ದರು. “ಅದಿರ್ಲಿ, ಆ ಏಳನೇದು ನೀನು ಹೇಗೆ ಮಾಡ್ದೆ?”

ಪ್ರಶ್ನೆ ಸರಳವಾದದ್ದು. ಅಕ್ಷರಗಳ ಕ್ರಮದಲ್ಲಿ ಜೋಡಿಸಿದ ಹದಿನಾರು ಹೆಸರುಗಳ ಪಟ್ಟಿ ಇದೆ. ಪ್ರತಿ ಸಲ ನಡುವಿನ ಹೆಸರನ್ನು ನೋಡಿ, ಬೇಡದ ಅರ್ಧವನ್ನು ಬಿಡುತ್ತಾ ಹೋದರೆ, ಬೇಕಾದ ಹೆಸರು ಸಿಗಲು ಹೆಚ್ಚೆಂದರೆ ಎಷ್ಟು ಸಲ ನೋಡಬೇಕು? ಹುಡುಗಿ ಅಂಗೈ ಮೇಲೆ ಬೆರಳಲ್ಲಿ ಬರೆದು ತೋರಿಸಿದಳು: ಹದಿನಾರು ಎಂಟಾಯಿತು, ಎಂಟು ನಾಲ್ಕಾಯಿತು, ನಾಲ್ಕು ಎರಡು, ಎರಡು ಒಂದು. ನಾಲ್ಕು ಸಲ.

“ನಾನೂ ನಾಲ್ಕು ಅಂತಾನೇ ಬರ್ದೆ,” ಅಂದರು ಟೀಚರು.

“ಐದಂತೆ ಆಂಟಿ. ಕೊನೇಲಿ ಒಂದೇ ಹೆಸರು ಉಳಿದ್ರೂ ಅದು ನಮ್ಗೆ ಬೇಕಾದ್ದೇನಾ ಅಂತ ಅದನ್ನೂ ಒಂದ್ಸಲ ನೋಡ್ಬೇಕಂತೆ.”

“ಅಯ್ಯೋ, ಹೌದಲ್ಲ,” ಎಂದು ಟೀಚರು ಹಣೆ ಚಚ್ಚಿಕೊಂಡರು. ಆದರೂ ಮನಸ್ಸು ಹಗುರವಾಗಿತ್ತು. ಇಬ್ಬರದೂ ಒಂದೇ ದಾರಿ, ಒಂದೇ ತಪ್ಪು. ದಾರಿಗೆ ಮಾರ್ಕ್ಸ್ ಎಂದ ಮೇಲೆ ಇಬ್ಬರಿಗೂ ಬರಬೇಕು. ತಮಗೆ ಬೇಕಾಗಿರುವುದು ಒಂದೇ ಒಂದು. ಅವರು ಮನಸ್ಸಿನಲ್ಲೇ ಇಪ್ಪತ್ನಾಲ್ಕಕ್ಕೆ ಮೂರು ಸೇರಿಸಿ ನೋಡಿದರು. ಮತ್ತೆ ಇಪ್ಪತ್ತೇಳೇ ಬಂತು. ಈ ಸಲ ನ್ಯಾಯವಾಗಿ ಬಂದ ಇಪ್ಪತ್ತೇಳು.

ಮೂರೂವರೆಗೆ ಬಾಗಿಲು ತೆರೆಯಿತು. ಆಕಳಿಕೆ ಒಬ್ಬೊಬ್ಬರನ್ನೇ ಒಳಗೆ ಕರೆದ. ಹೆಡ್‌ಫೋನು ಒಳಗೆ ಹೋಗಿ ಎರಡೇ ನಿಮಿಷಕ್ಕೆ ಹೊರಗೆ ಬಂದು, “ಇಪ್ಪತ್ತಾರು ಆಂಟಿ,” ಎಂದು ಟೀಚರ ಕುತ್ತಿಗೆಗೆ ಜೋತುಬಿದ್ದಳು. ಟೀಚರಿಗೆ ಮಕ್ಕಳು ಹೀಗೆ ಜೋತುಬಿದ್ದು ಅಭ್ಯಾಸವಿರಲಿಲ್ಲ. ಬೆನ್ನ ಮೇಲೆ ಎರಡು ಸಲ ತಟ್ಟಿ ಬಿಡಿಸಿಕೊಂಡರು. ಹತ್ತು ಜನರಲ್ಲಿ ಏಳು ಜನ ನಗುತ್ತಾ ಹೋದರು.

ಎಲ್ಲರಿಗಿಂತ ಕೊನೆಗೆ ಟೀಚರನ್ನು ಕರೆದ. ಈ ಸಲ ಉರುಳಿದ್ದ ಕುರ್ಚಿ ನೆಟ್ಟಗಿತ್ತು, ಎದುರಿಗೆ ಇನ್ನೊಂದನ್ನೂ ಹಾಕಿಸಿದ್ದ, ಟೀಚರು ಕೂತರು. ಆಕಳಿಕೆ ಮಾತ್ರ ನಿಂತೇ ಇದ್ದ. ಪತ್ರಿಕೆಯ ಏಳನೇ ಪ್ರಶ್ನೆಯ ಪುಟವನ್ನು ಅವರ ಮುಂದೆ ಬಿಚ್ಚಿಟ್ಟ.

ಇಡೀ ಪುಟ ಖಾಲಿ. ನಡುವೆ ‘4’ ಎಂದು ಬರೆದಿತ್ತು. ಅದರ ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಎಳೆದಿತ್ತು.

“ಸ್ಟೆಪ್ಸ್ ಎಲ್ಲಿ ಮಿಸ್?”

“ಮನಸ್ಸಲ್ಲೇ ಮಾಡ್ದೆ.”

“ಒಂದು ಸಾಲಾದ್ರೂ ಬರೀಬಾರ್ದಿತ್ತಾ?”

“ಅದಕ್ಕೆ ಮಾರ್ಕ್ಸ್ ಇರತ್ತೆ ಅಂತ ನಂಗೆ ಯಾವತ್ತೂ ಅನ್ಸಿಲ್ವಲ್ಲಪ್ಪ.”

ಆಕಳಿಕೆ ಬಾಗಿಲ ಕಡೆ ನೋಡಿದ. ತನ್ನ ಪೆನ್ನನ್ನು ಮೇಜಿನ ಮೇಲೆ ಇಟ್ಟು, ಮೆಲ್ಲಗೆ ಅವರ ಕಡೆ ಉರುಳಿಸಿದ. “ನಾನು ಒಂದೈದು ನಿಮಿಷ ಟೀ ಕುಡ್ಕೊಂಡು ಬರ್ತೀನಿ ಮಿಸ್. ಪುಟದಲ್ಲಿ ಜಾಗ ತುಂಬಾ ಇದೆ.”

ಪೆನ್ನು ಉರುಳಿ ಬಂದು ಟೀಚರ ಬೆರಳಿಗೆ ತಾಗಿ ನಿಂತಿತು. ಹದಿನಾರು, ಎಂಟು, ನಾಲ್ಕು, ಎರಡು, ಒಂದು. ಬರೆಯಲು ಅರ್ಧ ನಿಮಿಷ ಸಾಕಿತ್ತು. ಆ ಆಸೆಯ ಮುಂದೆ ಅವರು ಉಸಿರು ಬಿಗಿಹಿಡಿದು ಕೂತರು. ಆಮೇಲೆ ಪೆನ್ನನ್ನು ವಾಪಸು ತಳ್ಳಿದರು.

“ಪರೀಕ್ಷೆ ಸೋಮವಾರವೇ ಮುಗೀತು. ಕೂತ್ಕೋ.”

ಅವನು ಕೂತ. ಟೀಚರಿಗೆ ಇದ್ದಕ್ಕಿದ್ದ ಹಾಗೆ ನಗು ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಕಳಿಕೆ ನಗಬೇಕೋ ಬೇಡವೋ ತಿಳಿಯದೆ ಕಣ್ಣು ಕಣ್ಣು ಬಿಟ್ಟ.

“ಆ ವರ್ಷ ಹೇಗಿತ್ತೋ?” ಕೇಳಿದರು ಟೀ‌ಚರು. “ಎರಡನೇ ಸಲ ಕೂತಿದ್ದು.”

ಆಕಳಿಕೆ ಯೋಚಿಸಿದ. ಯಾರೂ ಅವನನ್ನು ಅದುವರೆಗೆ ಇದನ್ನು ಕೇಳಿದ್ದ ಹಾಗಿರಲಿಲ್ಲ. “ಮೊದಲ್ನೇ ವಾರ ಕಷ್ಟ ಮಿಸ್. ಎಲ್ರೂ ನಿಮ್ಮನ್ನೇ ನೋಡ್ತಾರೆ. ನಮ್ಮ ಜೊತೆಯೋರು ಮೇಲಿನ ಮಹಡಿಗೆ ಹೋಗ್ತಾ ಬಗ್ಗಿ ಕೈ ಬೀಸ್ತಿದ್ರು. ಪಾಪ, ಪ್ರೀತಿಯಿಂದಾನೇ. ಆದ್ರೂ ನಾನು ಬಗ್ಗಿ ಬ್ಯಾಗಲ್ಲಿ ಏನೋ ಹುಡುಕೋನ ಹಾಗೆ ಮಾಡ್ತಿದ್ದೆ. ಎರಡನೇ ವಾರದಿಂದ ಚಿಕ್ಕೋರು ಬಂದು ಲೆಕ್ಕ ಹೇಳ್ಕೊಡು ಅಂತಾರೆ. ಆಮೇಲೆ ಪರವಾಗಿಲ್ಲ.” ಮತ್ತೆ ಸೇರಿಸಿದ, “ಅಮ್ಮ ಮಾತ್ರ ಆ ವರ್ಷ ಪೂರ್ತಿ ಯಾರ ಮನೆಗೂ ಹೋಗ್ಲಿಲ್ಲ. ಮಗ ಎಷ್ಟನೇ ಕ್ಲಾಸು ಅಂತ ಕೇಳಿಬಿಡ್ತಾರೆ ಅಂತ.”

ಟೀಚರು ಆ ‘4’ ಇದ್ದ ಪುಟವನ್ನು ಮಡಿಚಿಟ್ಟರು.

“ಆ ತೊಟ್ಟಿ ಲೆಕ್ಕಕ್ಕೆ ನಾನು ಮಾರ್ಕ್ಸ್ ಕೊಡ್ಬೇಕಿತ್ತು ಕಣೋ,” ಅಂದರು.

ಅಯ್ಯೋ ಬಿಡಿ ಮಿಸ್, ಅದೆಲ್ಲ ಹಳೇ ಮಾತು, ನಿಮ್ಮಿಂದಲೇ ನಾನು ಇಷ್ಟು ಮುಂದೆ ಬಂದಿದ್ದು ಎಂದು ಅವನು ಹೇಳುತ್ತಾನೆಂದು ಅವರು ಕಾದರು. ದೊಡ್ಡವರಾದ ಶಿಷ್ಯರೆಲ್ಲ ಹಾಗೇ ಹೇಳುತ್ತಾರೆ.

“ಹೌದು ಮಿಸ್,” ಅಂದ ಅವನು. “ಕೊಡ್ಬೇಕಿತ್ತು.”

ಫಾರ್ಮನ್ನು ಹತ್ತಿರಕ್ಕೆ ಎಳೆದುಕೊಂಡ. ಅಲ್ಗಾರಿದಮ್ಸ್ ಎಂಬುದನ್ನು ಹೊಡೆದುಹಾಕಿ, ಅದರ ಪಕ್ಕದಲ್ಲಿ ಮೂಲಪಾಠ ಎಂದು ಬರೆದು, ಕೆಳಗೆ ಸಹಿ ಮಾಡಿ ತಾರೀಕು ಹಾಕಿದ. ಟೀಚರು ಎದ್ದು ನಿಂತು, ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡರು.